ಗೋಮಾಳಕ್ಕೆ ಪಹಣಿ

ಕನ್ನಡ ಪುಸ್ತಕವೊಂದರ ಮೊದಲ ಹಾಳೆ ತಿರುವಿದರೆ ಅದರ ಬೆನ್ನಿಗೆ ಬೆಲೆ, ಪುಟಸಂಖ್ಯೆ, ಬಳಸಿದ ಕಾಗದ, ಮುದ್ರಣಾಲಯದ ವಿಳಾಸಗಳ ಜೊತೆ ಒಂದು ಎಚ್ಚರಿಕೆಯೂ ಅಚ್ಚಾಗಿರುವುದುಂಟು: ಲಿಖಿತ ಅನುಮತಿ ಇಲ್ಲದೆ ಈ ಪುಸ್ತಕದ ಯಾವ ಭಾಗವನ್ನೂ ಯಾವ ರೂಪದಲ್ಲೂ ಬಳಸಿಕೊಳ್ಳುವಂತಿಲ್ಲ. ಹೆಚ್ಚಿನವರು ಇದನ್ನು ಓದುವುದಿಲ್ಲ, ಓದಿದವರು ನಂಬುತ್ತಾರೆ. ತೊಂದರೆ ಇರುವುದು ನಂಬುವುದರಲ್ಲೇ. ಈ ಮಾತನ್ನು ಅಕ್ಷರಶಃ ಪಾಲಿಸಿದರೆ ವಿಮರ್ಶಕ ಒಂದು ಸಾಲನ್ನೂ ಎತ್ತಿಕೊಳ್ಳುವಂತಿಲ್ಲ, ಮೇಷ್ಟ್ರು ಒಂದು ಪದ್ಯವನ್ನು ಪ್ರಶ್ನೆಪತ್ರಿಕೆಗೆ ಹಾಕುವಂತಿಲ್ಲ, ಸಂಶೋಧನೆ ಮಾಡುವ ಹುಡುಗಿ ನಾಲ್ಕು ಪುಟ ಜೆರಾಕ್ಸ್ ಮಾಡಿಸಿಕೊಳ್ಳುವಂತಿಲ್ಲ. ಈ ಮೂರು ಕೆಲಸಕ್ಕೂ ನಮ್ಮ ದೇಶದ ಕಾನೂನಿನಲ್ಲಿ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅಂದಮೇಲೆ ಆ ಸಾಲು ಕಾನೂನಿನ ಮಾತಲ್ಲ, ಕಾನೂನಿನ ದನಿಯಲ್ಲಿ ಆಡಿದ ಆಸೆ.

ಆ ಆಸೆಯ ಬೆನ್ನಿಗೆ ಗಟ್ಟಿಯಾಗಿ ಬೇರೂರಿದ ಒಂದು ತಿಳಿವಳಿಕೆ ಇದೆ. ಕೃತಿ ಎಂದರೆ ಆಸ್ತಿ. ಬರೆದವರು ಅದರ ಯಜಮಾನರು. ಅವರ ಕಾಲಾನಂತರ ಮಕ್ಕಳು, ಮೊಮ್ಮಕ್ಕಳು. ಕಾನೂನು ನ್ಯಾಯೋಚಿತ ಬಳಕೆ ಎಂದು ಕರೆಯುವುದೆಲ್ಲ ಈ ಯಜಮಾನಿಕೆಯ ಗೋಡೆಯಲ್ಲಿ ಬಿಟ್ಟ ಒಂದು ಕಿಂಡಿ, ವಿದ್ಯಾರ್ಥಿಗಳ ಮೇಲಿನ ಕನಿಕರಕ್ಕೆ ಕೊಟ್ಟ ರಿಯಾಯಿತಿ. ರಿಯಾಯಿತಿಯನ್ನು ಆದಷ್ಟು ಕಡಿಮೆ ಕೊಡಬೇಕು, ಅನುಮಾನ ಬಂದಲ್ಲಿ ಕೊಡಲೇಬಾರದು. ಪ್ರಕಾಶಕರು ಹೀಗೆ ವಾದಿಸುವುದು ಅರ್ಥವಾಗುತ್ತದೆ, ವಾರಸುದಾರರದೂ ಅರ್ಥವಾಗುತ್ತದೆ. ಆದರೆ ಇನ್ನೊಬ್ಬರ ಬರಹದ ಮೇಲೆ ಬರೆದೇ ಬದುಕುವ ವಿಮರ್ಶಕರು, ಅಧ್ಯಾಪಕರು, ಅನುವಾದಕರು ಕೂಡ ಇದನ್ನೇ ತಲೆಯಾಡಿಸಿ ಒಪ್ಪಿಕೊಂಡಿರುವುದು ಸೋಜಿಗ. ಈ ತಿಳಿವಳಿಕೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ನ್ಯಾಯೋಚಿತ ಬಳಕೆ ಹಕ್ಕುಸ್ವಾಮ್ಯದ ಗೋಡೆಯಲ್ಲಿನ ಕಿಂಡಿ ಅಲ್ಲ. ಗೋಡೆ ಎಲ್ಲಿಗೆ ನಿಲ್ಲಬೇಕೋ ಅಲ್ಲಿಂದಾಚೆಯ ಬಯಲು.

ಮೊದಲು ಕಾಯ್ದೆಯ ಮಾತನ್ನೇ ನೋಡೋಣ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಕಲಂ ಹಕ್ಕುಸ್ವಾಮ್ಯ ಎಂದರೇನೆಂದು ಹೇಳುವಾಗಲೇ ಅದು ಕಾಯ್ದೆಯ ಉಳಿದ ಕಲಂಗಳಿಗೆ ಒಳಪಟ್ಟಿದ್ದು ಎಂದು ಷರತ್ತು ಹಾಕುತ್ತದೆ. ಈ ಕಾಯ್ದೆ ಕೊಟ್ಟಷ್ಟೇ ಹಕ್ಕು, ಅದರಾಚೆ ಯಾವ ಹಕ್ಕುಸ್ವಾಮ್ಯವೂ ಇಲ್ಲ ಎನ್ನುತ್ತದೆ 16ನೇ ಕಲಂ. ಇನ್ನು 52ನೇ ಕಲಮಿನ ತಲೆಬರಹವೇ, ಹಕ್ಕುಸ್ವಾಮ್ಯದ ಉಲ್ಲಂಘನೆ ಆಗದ ಕೃತ್ಯಗಳು ಎಂದು. ಕ್ಷಮಿಸಬಹುದಾದ ಉಲ್ಲಂಘನೆಗಳು ಎಂದಲ್ಲ. ಕದ್ದವನನ್ನು ಬಿಟ್ಟುಬಿಡುವುದಕ್ಕೂ ಅವನು ಕದ್ದೇ ಇಲ್ಲ ಎನ್ನುವುದಕ್ಕೂ ಅಜಗಜಾಂತರ. ಆಸ್ತಿಯ ಹೋಲಿಕೆಯೇ ಬೇಕು ಎನ್ನುವವರಿಗೆ ನಮ್ಮ ಹಳ್ಳಿಗಳಿಂದಲೇ ಒಂದು ಹೋಲಿಕೆ ಕೊಡಬಹುದು. ಹೊಲದ ಬಾಂದುಕಲ್ಲು ದಾಟಿದ ಮೇಲೆ ಗೋಮಾಳ. ಅಲ್ಲಿ ದನ ಮೇಯಿಸುವವನು ಪಕ್ಕದ ಹೊಲದವನ ಔದಾರ್ಯದಿಂದ ಮೇಯಿಸುತ್ತಿಲ್ಲ. ಅದು ಎಂದೂ ಆ ಹೊಲಕ್ಕೆ ಸೇರಿದ್ದಲ್ಲ. ಆದರೆ ಹೊಲದವನು ವರ್ಷಕ್ಕೊಂದು ಮಾರು ಬೇಲಿಯನ್ನು ಮುಂದಕ್ಕೆ ಸರಿಸುತ್ತ ಬಂದು, ಕೊನೆಗೊಂದು ದಿನ ದನ ಕಾಯುವವನನ್ನೇ ಅಡ್ಡಗಟ್ಟಿ ಪಹಣಿ ತೋರಿಸು ಎನ್ನುತ್ತಾನೆ. ಪುಸ್ತಕದ ಬೆನ್ನುಪುಟದ ಎಚ್ಚರಿಕೆ ಇಂಥದೇ ಒಂದು ಒತ್ತುವರಿ.

ಬರೆದವರಿಗೆ ತಮ್ಮ ಬರಹದ ಮೇಲಿರುವುದು ಹುಟ್ಟಿನಿಂದ ಬಂದ ಹಕ್ಕು, ಕಾಯ್ದೆ ಅದನ್ನು ಗುರುತಿಸಿತು ಅಷ್ಟೆ ಎಂಬ ಮಾತಿದೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಆಧುನಿಕ ಹಕ್ಕುಸ್ವಾಮ್ಯದ ತಾಯಿಬೇರು ಎನಿಸಿದ 1710ರ ಇಂಗ್ಲೆಂಡಿನ ಕಾಯ್ದೆ ತನ್ನನ್ನು ಕರೆದುಕೊಂಡಿದ್ದೇ ವಿದ್ಯೆಗೆ ಉತ್ತೇಜನ ಕೊಡುವ ಕಾಯ್ದೆ ಎಂದು. ಹೊಸ ಪುಸ್ತಕಕ್ಕೆ ಅದು ಕೊಟ್ಟ ಅವಧಿ 14 ವರ್ಷ. ಲೇಖಕ ಬದುಕಿದ್ದರೆ ಇನ್ನೊಂದು 14. ಈ ಗಡುವು ಮುಗಿದ ಮೇಲೂ ತಮ್ಮ ಹಕ್ಕು ಶಾಶ್ವತ ಎಂದು ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಹಟ ಹಿಡಿದರು. 1774ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಆ ಹಟವನ್ನು ತಳ್ಳಿಹಾಕಿತು. ಹಟ ಹಿಡಿದವರು ಕವಿಗಳಲ್ಲ, ವ್ಯಾಪಾರಿಗಳು ಎಂಬುದನ್ನು ನೆನಪಿಡಬೇಕು. ಲೇಖಕನ ಹೆಸರು ಹೇಳಿ ಇನ್ನೊಬ್ಬರು ಮೊಕದ್ದಮೆ ಹೂಡುವ ಪರಿಪಾಠ ಅಷ್ಟು ಹಳೆಯದು. ಭಾರತಕ್ಕೆ ಈ ಕಾನೂನು ಬಂದಾಗಲೂ ಒಂಟಿಯಾಗಿ ಬರಲಿಲ್ಲ. 1911ರ ಬ್ರಿಟಿಷ್ ಕಾಯ್ದೆ 1914ರಲ್ಲಿ ಇಲ್ಲಿಗೆ ಕಾಲಿಟ್ಟಾಗ ಖಾಸಗಿ ಅಧ್ಯಯನ, ಸಂಶೋಧನೆ, ವಿಮರ್ಶೆಗಳಿಗೆ ಅದರಲ್ಲೇ ಜಾಗವಿತ್ತು. ಹಕ್ಕೂ ಅದರ ಎಲ್ಲೆಯೂ ಒಂದೇ ಹಡಗಿನಲ್ಲಿ ಬಂದವು.

ಅವಧಿಯ ಕಥೆಯನ್ನು ಮುಂದುವರಿಸಿದರೆ ಆಸೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಕಾಯ್ದೆಯಲ್ಲಿ ಲೇಖಕರ ಮರಣಾನಂತರ 50 ವರ್ಷ ಎಂದಿತ್ತು. ರವೀಂದ್ರನಾಥ ಟಾಗೋರರು ತೀರಿಕೊಂಡಿದ್ದು 1941ರಲ್ಲಿ. ಹಾಗಾಗಿ 1992ರ ಜನವರಿಯಿಂದ ಅವರ ಕೃತಿಗಳು ಎಲ್ಲರವೂ ಆಗಬೇಕಿತ್ತು. 1991ರ ಕೊನೆಗೆ ಸುಗ್ರೀವಾಜ್ಞೆ ಬಂತು, ಮರುವರ್ಷ ತಿದ್ದುಪಡಿ. 50 ಹೋಗಿ 60 ಆಯಿತು. ವಿಶ್ವಭಾರತಿಯ ಕೈಯಲ್ಲಿ ಹಕ್ಕು ಇನ್ನೂ ಹತ್ತು ವರ್ಷ ಉಳಿಯಿತು. ಹಕ್ಕುಸ್ವಾಮ್ಯ ಇರುವುದು ಲೇಖಕರನ್ನು ಬರೆಯಲು ಹುರಿದುಂಬಿಸುವುದಕ್ಕೆ ಎಂದಾದರೆ, ತೀರಿಕೊಂಡು ಅರ್ಧ ಶತಮಾನವಾದ ಕವಿಯನ್ನು 1992ರ ತಿದ್ದುಪಡಿ ಏನೆಂದು ಹುರಿದುಂಬಿಸಿತು? ಈ ಲಾಭ ಟಾಗೋರರಿಗಷ್ಟೇ ನಿಲ್ಲಲಿಲ್ಲ, ಎಲ್ಲ ಭಾಷೆಗೂ ಹರಡಿತು. ಡಿ.ವಿ.ಜಿ. ಬರಹಗಳು 2035 ಮುಗಿಯುವವರೆಗೆ, ಬೇಂದ್ರೆಯವರವು 2041ರವರೆಗೆ, ಕುವೆಂಪು ಅವರವು 2054ರವರೆಗೆ, ಕಾರಂತರವು 2057ರವರೆಗೆ ಹಕ್ಕಿನ ಒಳಗೇ ಇರುತ್ತವೆ. ಇಂದು ಎಂ.ಎ. ಸೇರಿದ ವಿದ್ಯಾರ್ಥಿ ಅಧ್ಯಾಪಕನಾಗಿ, ನಿವೃತ್ತಿಯ ಅಂಚಿಗೆ ಬಂದರೂ ಆಧುನಿಕ ಕನ್ನಡದ ದೊಡ್ಡ ಭಾಗ ಮುಕ್ತವಾಗಿರುವುದಿಲ್ಲ. ಅವಧಿ ಉದ್ದವಾದಷ್ಟೂ 52ನೇ ಕಲಂ ರಿಯಾಯಿತಿಯ ಮಾತಾಗಿ ಉಳಿಯದೆ ಉಸಿರಾಟದ ಮಾತಾಗುತ್ತದೆ.

ಕನ್ನಡದ ಮಟ್ಟಿಗೆ ಇದು ಅಲಂಕಾರದ ಮಾತಲ್ಲ. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ನಮಗೆ ಸಿಕ್ಕಿಲ್ಲ. ಅವನ ಪದ್ಯಗಳನ್ನು ನಾವು ಬಲ್ಲೆವಾದರೆ ಅದು ಬೇರೆಯವರು ಎತ್ತಿ ಬರೆದುಕೊಂಡಿದ್ದರಿಂದ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ'ದಲ್ಲಿ ಹಿಂದಿನವರ ಪದ್ಯಗಳನ್ನು ವಿಷಯವಾರು ಜೋಡಿಸಿಟ್ಟ. ಅವನ ಮಗ ಕೇಶಿರಾಜ ವ್ಯಾಕರಣದ ಸೂತ್ರಕ್ಕೊಂದು ಉದಾಹರಣೆ ಬೇಕಾದಾಗ ಕವಿಗಳ ಸಾಲುಗಳನ್ನು ನಿಸ್ಸಂಕೋಚವಾಗಿ ತೆಗೆದುಕೊಂಡ. ಅಪ್ಪ ಮಗ ಇಬ್ಬರೂ ಮಾಡಿದ್ದನ್ನು ಇಂದಿನ ಭಾಷೆಯಲ್ಲಿ ಹೇಳುವುದಾದರೆ ಉದ್ಧರಣೆ. 'ಶೂನ್ಯಸಂಪಾದನೆ'ಯಂತೂ ಇನ್ನೊಂದು ಹೆಜ್ಜೆ ಮುಂದೆ: ಶಿವಗಣಪ್ರಸಾದಿ ಮಹಾದೇವಯ್ಯ ಅಲ್ಲಮ, ಬಸವಣ್ಣ, ಅಕ್ಕರ ವಚನಗಳನ್ನು ಎದುರುಬದುರು ಕೂರಿಸಿ, ನಡುವೆ ತನ್ನ ಮಾತಿನ ದಾರ ಪೋಣಿಸಿ ಒಂದು ಸಂವಾದವನ್ನೇ ಕಟ್ಟಿದ. ಆಮೇಲೆ ಬಂದವರು ಆ ಕಟ್ಟಡವನ್ನೇ ಬಿಚ್ಚಿ ಮತ್ತೆ ಮೂರು ಸಲ ಕಟ್ಟಿದರು. ಬಹುಪಾಲು ಇನ್ನೊಬ್ಬರ ಮಾತಿನಿಂದಲೇ ಆದ, ಆದರೂ ಅಚ್ಚ ಹೊಸತಾದ ಕೃತಿ ಅದು. ಅದು ರಾಜಾಶ್ರಯ, ಮಠಾಶ್ರಯಗಳ ಕಾಲ, ಪುಸ್ತಕ ಮಾರಿ ಯಾರೂ ಬದುಕುತ್ತಿರಲಿಲ್ಲ ಎಂದು ಆಕ್ಷೇಪಿಸಬಹುದು. ನಿಜ. ಆ ಕಾಲಕ್ಕೆ ಮರಳೋಣ ಎಂದು ನಾನು ಹೇಳುತ್ತಿಲ್ಲ, ಹಕ್ಕುಸ್ವಾಮ್ಯವನ್ನು ಕಿತ್ತೊಗೆಯಬೇಕೆಂದೂ ಹೇಳುತ್ತಿಲ್ಲ. ಸಾಹಿತ್ಯ ಸಾಹಿತ್ಯದಿಂದ ಎತ್ತಿಕೊಂಡೇ ಬೆಳೆಯುವುದು ಎಂಬುದು ಆಶ್ರಯದ ಬಗೆ ಬದಲಾದರೆ ಬದಲಾಗುವ ಸಂಗತಿಯಲ್ಲ ಎನ್ನುತ್ತಿದ್ದೇನೆ.

ಅನುಮತಿ ಕೇಳಿದರೆ ಏನು ಕಳೆದುಕೊಳ್ಳುತ್ತೀರಿ, ಕೇಳುವುದು ಸೌಜನ್ಯ ತಾನೆ ಎನ್ನುವವರಿದ್ದಾರೆ. ಸೌಜನ್ಯ ಒಳ್ಳೆಯದೇ. ಆದರೆ ಅನುಮತಿ ಎಂಬುದರ ಒಳಗೆ ನಿರಾಕರಣೆ ಇದೆ. ಇಲ್ಲದಿದ್ದರೆ ಅದು ಅನುಮತಿಯೇ ಅಲ್ಲ. ಮೆಚ್ಚಿ ಬರೆಯುವವರಿಗೆ ಅನುಮತಿ ಸುಲಭವಾಗಿ ಸಿಗುತ್ತದೆ. ಯಾರಿಗೆ ಅದು ಸಿಗುವುದಿಲ್ಲವೋ ಅವರಿಗಾಗಿಯೇ 52ನೇ ಕಲಂ ಇರುವುದು. ಕೇರಳದ ಒಂದು ಮೊಕದ್ದಮೆ ಇದನ್ನು ಚೆನ್ನಾಗಿ ತೋರಿಸುತ್ತದೆ. ತೋಪ್ಪಿಲ್ ಭಾಸಿಯವರ 'ನಿಂಗಳೆನ್ನೆ ಕಮ್ಯೂನಿಸ್ಟಾಕ್ಕಿ' ಮಲಯಾಳಿಗಳ ರಾಜಕೀಯವನ್ನೇ ಅಲುಗಿಸಿದ ನಾಟಕ. ದಶಕಗಳ ನಂತರ ಸಿವಿಕ್ ಚಂದ್ರನ್ ಅದಕ್ಕೆ ಎದುರಾಗಿ ಒಂದು ಪ್ರತಿನಾಟಕ ಬರೆದರು. ಮೂಲದ ಪಾತ್ರಗಳನ್ನೂ ಮಾತುಗಳನ್ನೂ ಎತ್ತಿಕೊಂಡು, ಯಾರನ್ನು ಕಮ್ಯೂನಿಸ್ಟ್ ಮಾಡಿದಿರಿ ಎಂದು ಮರುಪ್ರಶ್ನೆ ಹಾಕಿದರು. ಭಾಸಿಯವರ ವಾರಸುದಾರರು ಕೋರ್ಟಿಗೆ ಹೋದರು. 1996ರಲ್ಲಿ ಕೇರಳ ಹೈಕೋರ್ಟ್ ಎಷ್ಟು ಎತ್ತಿಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಮೂಲ ನಾಟಕದ ಜೊತೆ ಇದು ಪೈಪೋಟಿಗೆ ನಿಲ್ಲುತ್ತದೆಯೇ ಎಂದು ತೂಗಿ ನೋಡಿ, ಎತ್ತಿಕೊಂಡಿದ್ದು ವಿಮರ್ಶೆಗಾಗಿ ಎಂದು ಕಂಡುಕೊಂಡಿತು. ಆ ಪ್ರತಿನಾಟಕಕ್ಕೆ ಅನುಮತಿ ಕೇಳಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಮೊಕದ್ದಮೆ ಹೂಡಿದ್ದೇ ಉತ್ತರ. ಖಂಡಿಸಿಕೊಳ್ಳಬೇಕಾದವರ ಕೈಗೇ ಖಂಡನೆಯ ಬೀಗದಕೈ ಕೊಟ್ಟು ವಿಮರ್ಶೆ ಬೆಳೆಯಲಿ ಎನ್ನುವುದು ಹೇಗೆ?

ಎಷ್ಟು ಎತ್ತಿಕೊಂಡರೆ ನ್ಯಾಯ ಎಂಬ ಪ್ರಶ್ನೆ ಇಲ್ಲೇ ಎದುರಾಗುತ್ತದೆ. ನಾಲ್ಕು ಸಾಲು, ನೂರು ಪದ, ಹತ್ತು ಶೇಕಡಾ ಎಂಬ ಲೆಕ್ಕಗಳು ಗಾಳಿಯಲ್ಲಿ ಓಡಾಡುತ್ತಿರುತ್ತವೆ. ವಿಮರ್ಶೆಯ ವಿಷಯದಲ್ಲಿ ನಮ್ಮ ಕಾಯ್ದೆ ಇಂಥ ಯಾವ ಅಳತೆಗೋಲನ್ನೂ ಕೊಟ್ಟಿಲ್ಲ, ಕೊಡದಿದ್ದುದೇ ಸರಿ. 1971ರ ಇಂಗ್ಲಿಷ್ ಮೊಕದ್ದಮೆಯೊಂದರಲ್ಲಿ ಲಾರ್ಡ್ ಡೆನಿಂಗ್ ಹೇಳಿದ್ದನ್ನು ನಮ್ಮ ನ್ಯಾಯಾಲಯಗಳೂ ನೆಚ್ಚಿಕೊಂಡಿವೆ: ಉದ್ದದ ಉದ್ಧರಣೆಗೆ ಚುಟುಕು ಟಿಪ್ಪಣಿ ಅಂಟಿಸಿದರೆ ಅನ್ಯಾಯವಾದೀತು, ಚುಟುಕು ಉದ್ಧರಣೆಗೆ ಉದ್ದದ ಟಿಪ್ಪಣಿ ಬರೆದರೆ ನ್ಯಾಯವಾದೀತು, ಕೊನೆಗೆ ಅದು ಒಟ್ಟು ನೋಟಕ್ಕೆ ಬಿಟ್ಟದ್ದು. ಅದೇ ಮೊಕದ್ದಮೆಯ ಇನ್ನೊಬ್ಬ ನ್ಯಾಯಾಧೀಶರು ಗೋರಿಯ ಮೇಲಿನ ಬರಹದ ಉದಾಹರಣೆ ಕೊಟ್ಟರು: ಅಷ್ಟು ಪುಟ್ಟದ್ದನ್ನು ಪೂರ್ತಿ ಎತ್ತಿಕೊಂಡರೂ ನ್ಯಾಯವೇ ಆಗಬಹುದು. ನಾವು ಹನಿಗವನವನ್ನು ನೆನೆಯಬಹುದು. ಮೂರು ಸಾಲಿನ ಹನಿಗವನದಲ್ಲಿ ಒಂದು ಸಾಲು ಬಿಟ್ಟು ಉಳಿದದ್ದನ್ನು ಉದ್ಧರಿಸುವುದು ನಗೆಯ ಪಂಚನ್ನು ಬಿಟ್ಟು ಜೋಕು ಹೇಳಿದಂತೆ. ಇದು ಅಸ್ಪಷ್ಟ, ಬರಹಗಾರರಿಗೆ ಭರವಸೆ ಕೊಡುವುದಿಲ್ಲ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅಜಾಗರೂಕ ಚಾಲನೆ ಎಂದರೇನು ಎಂಬುದಕ್ಕೂ ಕಾನೂನಿನಲ್ಲಿ ಸೆಂಟಿಮೀಟರಿನ ಲೆಕ್ಕ ಇಲ್ಲ. ಅದಕ್ಕಾಗಿ ಯಾರೂ ರಸ್ತೆಗಿಳಿಯುವ ಮುನ್ನ ಅನುಮತಿ ಪತ್ರ ಬೇಡುವುದಿಲ್ಲ.

ಕರ್ನಾಟಕದ್ದೇ ಒಂದು ಮೊಕದ್ದಮೆಯನ್ನು ಇಲ್ಲಿ ಬಿಡುವಂತಿಲ್ಲ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು 'ಭೀಷ್ಮ ವಿಜಯ', 'ನಳದಮಯಂತಿ', 'ಪಂಚವಟಿ' ಮುಂತಾದ ಏಳು ಪ್ರಸಂಗಗಳನ್ನು ಬ್ಯಾಲೆಯಾಗಿ ಕಟ್ಟಿದ್ದರು. ರಾಗ, ತಾಳ, ವೇಷ, ರಂಗಸಜ್ಜಿಕೆಗಳನ್ನೂ ಮಾರ್ಪಡಿಸಿದ್ದರು. 1994ರ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಒಬ್ಬರಿಗೆ ಬರೆದುಕೊಟ್ಟರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 'ಅಭಿಮನ್ಯು ವಧೆ'ಯನ್ನು ದೆಹಲಿಯಲ್ಲಿ ಆಡಿಸಿದಾಗ ವ್ಯಾಜ್ಯ ಹುಟ್ಟಿ, ಉಡುಪಿಯಿಂದ ಬೆಂಗಳೂರಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಜನವರಿಯಲ್ಲಿ ಬಂದ ತೀರ್ಪು ಉಯಿಲಿನಿಂದ ಬಂದ ಹಕ್ಕನ್ನು ಎತ್ತಿಹಿಡಿಯಿತು. ಈ ಗೆಲುವನ್ನಷ್ಟೇ ನೆನಪಿಟ್ಟುಕೊಂಡವರು ತೀರ್ಪಿನ ಇನ್ನೊಂದು ಭಾಗವನ್ನು ಮರೆಯುತ್ತಾರೆ. ಕೆಳಗಿನ ಕೋರ್ಟಿನ ತಡೆಯಾಜ್ಞೆ ಅಂಕೆಯಿಲ್ಲದೆ ಹರಡಿಕೊಂಡಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿದ್ದಿ, 52ನೇ ಕಲಮಿನ ಎಲ್ಲೆಯೊಳಗೆ, ಉದಾಹರಣೆಗೆ ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನದಲ್ಲಿ, ಆಡಿದರೆ ತಡೆಯಿಲ್ಲ ಎಂದಿತು. ಕಾರಂತರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಭಿಮನ್ಯುವಿನ ಕಥೆ, ಭಾಗವತಿಕೆ, ಚೆಂಡೆ, ಮದ್ದಳೆ ಇವನ್ನೆಲ್ಲ ಅವರಿಗೆ ಕೊಟ್ಟ ಪರಂಪರೆ ಯಾರ ಸಹಿಯನ್ನೂ ಕೇಳಿರಲಿಲ್ಲ ಎಂಬುದನ್ನು ಸಹಿ ಕೇಳುವವರು ನೆನಪಿಟ್ಟುಕೊಳ್ಳಬೇಕು.

ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆ ಇದಕ್ಕಿಂತ ಪ್ರಸಿದ್ಧ. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಸೇರಿ 2012ರಲ್ಲಿ ರಾಮೇಶ್ವರಿ ಫೋಟೊಕಾಪಿ ಎಂಬ ಪುಟ್ಟ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ತಪ್ಪೇನೆಂದರೆ, ಅಧ್ಯಾಪಕರು ಸೂಚಿಸಿದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು ಹೊಲಿದ ಕಟ್ಟುಗಳನ್ನು ವಿದ್ಯಾರ್ಥಿಗಳಿಗೆ ಮಾರಿದ್ದು. ಈ ದಾವೆಯನ್ನು ವಿರೋಧಿಸಿ ಮುನ್ನೂರಕ್ಕೂ ಹೆಚ್ಚು ವಿದ್ವಾಂಸರು ಪ್ರಕಾಶಕರಿಗೆ ಪತ್ರ ಬರೆದರು. ಯಾರ ಪುಸ್ತಕ ಕದ್ದಿದ್ದಾರೆಂದು ದಾವೆಯಲ್ಲಿತ್ತೋ ಅಂಥ ಲೇಖಕರೂ ಅದರಲ್ಲಿದ್ದರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆ ವಜಾ ಮಾಡಿದರು. ಹಕ್ಕುಸ್ವಾಮ್ಯವು ದೈವದತ್ತವೂ ಅಲ್ಲ, ನಿಸರ್ಗದತ್ತವೂ ಅಲ್ಲ ಎಂದು ಆ ತೀರ್ಪು ಬಿಡಿಸಿ ಹೇಳಿತು. ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಬೋಧನೆಗೆ ಎಷ್ಟು ಬೇಕೋ ಅಷ್ಟು ನ್ಯಾಯ ಎಂಬ ಅಳತೆ ಕೊಟ್ಟು, ಕಟ್ಟಿನಲ್ಲಿದ್ದುದೆಲ್ಲ ಬೋಧನೆಗೆ ಬೇಕಾದದ್ದೇ ಎಂಬುದನ್ನು ವಿಚಾರಣೆಯಲ್ಲಿ ನೋಡಲಿ ಎಂದಿತು. ಆ ವಿಚಾರಣೆಗೆ ಪ್ರಕಾಶಕರು ನಿಲ್ಲಲೇ ಇಲ್ಲ. 2017ರ ಮಾರ್ಚಿನಲ್ಲಿ ದಾವೆ ಹಿಂತೆಗೆದುಕೊಂಡರು. ಜೆರಾಕ್ಸ್ ಇಲ್ಲದಿದ್ದರೆ ವಿದ್ಯಾರ್ಥಿ ಪುಸ್ತಕ ಕೊಳ್ಳುತ್ತಿದ್ದ ಎಂಬುದು ನಷ್ಟದ ಲೆಕ್ಕದ ಅಡಿಪಾಯ. ಇಪ್ಪತ್ತು ಪುಸ್ತಕಗಳಿಂದ ಒಂದೊಂದು ಅಧ್ಯಾಯ ಓದಬೇಕಾದವನು ಇಪ್ಪತ್ತನ್ನೂ ಕೊಳ್ಳುವುದಿಲ್ಲ. ಗ್ರಂಥಾಲಯದಲ್ಲಿ ಕೂತು ಕೈಯಲ್ಲಿ ಬರೆದುಕೊಳ್ಳುತ್ತಾನೆ, ಇಲ್ಲವೇ ಓದದೆ ಪರೀಕ್ಷೆಗೆ ಹೋಗುತ್ತಾನೆ. ಎರಡರಿಂದಲೂ ಪ್ರಕಾಶಕರಿಗೆ ಚಿಕ್ಕಾಸು ಸಿಗದು.

ನನಗೆ ಅತ್ಯಂತ ಗೌರವವಿರುವ ಆಕ್ಷೇಪ ಬಡ ಲೇಖಕರದು. ಐನೂರೋ ಸಾವಿರವೋ ಪ್ರತಿ ಅಚ್ಚಾಗುವ ಕನ್ನಡದಲ್ಲಿ, ಬರುವ ಗೌರವಧನವೂ ಬಂದರೆ ಬಂತು ಎಂಬಂತಿರುವಾಗ, ಇನ್ನಷ್ಟು ಬಿಟ್ಟುಕೊಡಿ ಎನ್ನುವುದು ಕ್ರೌರ್ಯವಲ್ಲವೇ? ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಇಡೀ ಕಾದಂಬರಿಯನ್ನು ಪಿಡಿಎಫ್ ಮಾಡಿ ಟೆಲಿಗ್ರಾಂ ಗುಂಪಿಗೆ ಹಾಕುವುದು ಕಳ್ಳತನ, ಅದಕ್ಕೆ ಕನ್ನಡಸೇವೆಯ ಹೆಸರು ಕೊಡುವುದು ಇನ್ನೂ ಕೀಳು. 52ನೇ ಕಲಂ ಅಂಥವರನ್ನು ಕಾಯುವುದಿಲ್ಲ, ಕಾಯಬೇಕೆಂದು ನಾನೂ ಕೇಳುವುದಿಲ್ಲ. ಆದರೆ ಆ ಕಳ್ಳನ ಹೆಸರು ಹೇಳಿ ವಿಮರ್ಶಕನ ಕೈ ಕಟ್ಟಿದರೆ ಲೇಖಕರ ಜೇಬು ತುಂಬುತ್ತದೆಯೇ? ಎಷ್ಟು ಪ್ರತಿ ಹಾಕಿದೆವೆಂದು ಹೇಳದ ಪ್ರಕಾಶಕ, ಕರಾರುಪತ್ರವೇ ಇಲ್ಲದ ವ್ಯವಹಾರ, ವರ್ಷಗಟ್ಟಲೆ ಬಾಕಿ ಉಳಿಯುವ ಗ್ರಂಥಾಲಯ ಖರೀದಿಯ ಹಣ: ಕನ್ನಡ ಲೇಖಕರ ಬಡತನದ ಮೂಲ ಇಲ್ಲಿದೆ. ಯಾವುದೋ ವಿಮರ್ಶಾ ಲೇಖನದಲ್ಲಿ ಉದ್ಧರಿಸಿದ ಎಂಟು ಸಾಲಿನಿಂದ ಯಾರ ಮನೆಯ ಒಲೆಯೂ ಆರಿಲ್ಲ. ಉದ್ಧರಣೆಯಾಗದ ಲೇಖಕ ಮಾತ್ರ ಮರೆತುಹೋಗುತ್ತಾನೆ.

ಎರಡು ಹೊಸ ಆಕ್ಷೇಪಗಳಿವೆ. ಕೃತಕ ಬುದ್ಧಿಮತ್ತೆಯ ಕಂಪನಿಗಳು ಲೋಕದ ಬರಹವನ್ನೆಲ್ಲ ಕಬಳಿಸಿ, ಇದು ನ್ಯಾಯೋಚಿತ ಬಳಕೆ ಎನ್ನುತ್ತಿವೆ, ನೀವು ಅವರ ವಕೀಲರೋ ಎಂಬುದು ಒಂದು. ಸುದ್ದಿಸಂಸ್ಥೆ ಎ.ಎನ್.ಐ. 2024ರ ನವೆಂಬರಿನಲ್ಲಿ ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಹೂಡಿದ ದಾವೆಯ ತಿರುಳು ಇದೇ. ಅಮೆರಿಕದ ಕಾನೂನಿನಂತೆ ಎಲ್ಲ ಬಗೆಯ ಬಳಕೆಯನ್ನೂ ನಾಲ್ಕು ಅಂಶಗಳಲ್ಲಿ ತೂಗುವ ತೆರೆದ ಬಾಗಿಲು ನಮ್ಮದಲ್ಲ. ನಮ್ಮಲ್ಲಿ ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ವರದಿಗಾರಿಕೆ, ಬೋಧನೆ ಹೀಗೆ ಉದ್ದೇಶಗಳನ್ನು ಹೆಸರಿಸಲಾಗಿದೆ. ಯಂತ್ರದ ತರಬೇತಿ ಇವುಗಳಲ್ಲಿ ಯಾವುದರೊಳಗೆ ಕೂರುತ್ತದೆ ಎಂದು ಆ ಕಂಪನಿಗಳೇ ವಾದಿಸಿ ತೋರಿಸಲಿ. ಅವರ ಹಸಿವಿಗೆ ಹೆದರಿ ವಿದ್ಯಾರ್ಥಿಯ ಜೆರಾಕ್ಸಿಗೆ ಅಂಕುಶ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಎರಡನೆಯದು, ಬಳಸುವವರು ಬಳಸಿಯೇ ಬಳಸುತ್ತಾರೆ, ನಿಮ್ಮ ಆತಂಕ ಅತಿ ಎಂಬುದು. ಯೂಟ್ಯೂಬಿನಲ್ಲಿ ಸಿನಿಮಾ ವಿಮರ್ಶೆ ಮಾಡುವವರನ್ನು ಕೇಳಬೇಕು. ತೊಂಬತ್ತು ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ನಮ್ಮ ಕಾಯ್ದೆಯ ಪ್ರಕಾರವೂ ದೂರು ಬಂದ ಮೇಲೆ ಕೋರ್ಟಿನ ಆದೇಶ ಬರುವವರೆಗೆ ಅಥವಾ 21 ದಿನ ಅಂಥದ್ದನ್ನು ತಾಣದಿಂದ ಇಳಿಸಿಡಬೇಕು. ಶುಕ್ರವಾರ ಬಿಡುಗಡೆಯಾದ ಸಿನಿಮಾದ ವಿಮರ್ಶೆಯನ್ನು 21 ದಿನ ಮುಚ್ಚಿಟ್ಟರೆ ಸಾಕು, ಆಮೇಲೆ ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಗತ್ಯ ಯಾರಿಗೂ ಉಳಿದಿರುವುದಿಲ್ಲ.

ಬಳಸದ ಹಕ್ಕು ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಮದುವೆ ಮನೆಯೇ ಸಾಕ್ಷಿ. ಮದುವೆಯ ದಿಬ್ಬಣ ಮತ್ತು ಅದಕ್ಕೆ ಸೇರಿದ ಸಮಾರಂಭಗಳಲ್ಲಿ ಹಾಡು ನುಡಿಸುವುದು ಉಲ್ಲಂಘನೆಯಲ್ಲ ಎಂದು 52ನೇ ಕಲಂ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಹಾಗಿದ್ದೂ ಛತ್ರ, ಹೋಟೆಲುಗಳಲ್ಲಿ ಮದುವೆಯವರಿಂದ ಪರವಾನಗಿ ಶುಲ್ಕ ಕೇಳುವುದು ಎಷ್ಟು ಬೆಳೆಯಿತೆಂದರೆ, 2023ರ ಜುಲೈನಲ್ಲಿ ಕೇಂದ್ರ ಸರ್ಕಾರದ ಇಲಾಖೆ ಹಾಗೆ ಕೇಳಕೂಡದೆಂದು ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕಾಯಿತು. ಕಾಯ್ದೆಯಲ್ಲಿ ಹೆಸರು ಹಿಡಿದು ಬರೆದಿಟ್ಟ ವಿಷಯದಲ್ಲೇ ಹೀಗಾದರೆ, ನ್ಯಾಯೋಚಿತ ಎಂಬ ಒಂದೇ ಪದದ ಮೇಲೆ ನಿಂತ ವಿಮರ್ಶಕನ ಪಾಡೇನು? ಹಾಗಾಗಿ ಪುಸ್ತಕ ಬರೆಯುವವರಲ್ಲಿ, ಪ್ರಕಟಿಸುವವರಲ್ಲಿ ಒಂದು ಕೋರಿಕೆ. ಬೆನ್ನುಪುಟದ ಆ ಎಚ್ಚರಿಕೆಯನ್ನು ತೆಗೆಯುವುದು ಬೇಡ. ಅದರ ಪಕ್ಕದಲ್ಲೇ, ವಿಮರ್ಶೆ, ಸಂಶೋಧನೆ, ಪಾಠಪ್ರವಚನಗಳಿಗೆ ಬಳಸಿಕೊಳ್ಳಲು ಕಾನೂನಿನ ಪ್ರಕಾರ ಅನುಮತಿ ಬೇಕಿಲ್ಲ ಎಂದೂ ಅಚ್ಚು ಹಾಕಿಸಿ. ಕಾಗದ ಎಷ್ಟು ಜಿ.ಎಸ್.ಎಂ. ಎಂದು ಹೇಳಲು ಜಾಗವಿರುವ ಪುಟದಲ್ಲಿ ಇದಕ್ಕೂ ಜಾಗವಿದೆ.